ಮಲ್ಲೇಶ ಕೂಗಿದ್ದು ಏನು

ಗೋಣಿಬೀಡು
21 ಮೇ 1997

ಪ್ರೀತಿಯ ಅಕ್ಕನಿಗೆ ದೇವರಾಜನ ನಮಸ್ಕಾರ.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕಡೆಯ ಫೋನು ಸತ್ತು ತಿಂಗಳಾಯಿತು, ಅದಕ್ಕೇ ಈ ಕಾಗದ. ಮೊದಲು ದೊಡ್ಡ ಸುದ್ದಿ ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನ ಕಾಫಿ ಏಜೆಂಟ್ ಏಕಾಂತಪ್ಪನವರು ಆಗಸ್ಟಿನಲ್ಲಿ ಪರದೇಶದ ಇಬ್ಬರು ಖರೀದಿದಾರರನ್ನು ಕರೆತರುತ್ತಾರಂತೆ. ಒಬ್ಬ ಫ್ರಾನ್ಸಿನವನು, ಇನ್ನೊಬ್ಬ ಸ್ಪೇನಿನವನು. ಮಳೆಗಾಳಿಗೆ ಒಡ್ಡಿ ಹದ ಮಾಡುವ ಮಾನ್ಸೂನ್ ಕಾಫಿ ನೋಡಲು ಮಂಗಳೂರಿಗೆ ಬರುವವರು ಚಾರ್ಮಾಡಿ ಹತ್ತಿ ನಮ್ಮ ಕಡೆಯ ಕೆಲವು ತೋಟಗಳನ್ನೂ ನೋಡುತ್ತಾರೆ. ಅದರಲ್ಲಿ ನಮ್ಮದೂ ಒಂದು. ಅವರು ಒಪ್ಪಿದರೆ ನಮ್ಮ ಕಾಫಿ ಇನ್ನು ಮೇಲೆ ಯಾರದೋ ಮೂಟೆಯೊಳಗೆ ಬೆರೆಯುವುದಿಲ್ಲ. ನಮ್ಮ ತೋಟದ ಹೆಸರು ಹೊತ್ತುಕೊಂಡೇ ಹಡಗು ಹತ್ತುತ್ತದೆ. ಅಪ್ಪ ಇರಬೇಕಿತ್ತು.

ಈಗ ತಲೆನೋವಿನ ವಿಷಯ. ಹೋದ ವಾರ ಏಕಾಂತಪ್ಪನವರು ಮನೆಗೆ ಬಂದಾಗ ಜವರಮ್ಮ ಕಾಫಿ ತಂದಿಟ್ಟಳು. ಅವರು ಚೀಲದಿಂದ ಎರಡು ಮಾವಿನ ಹಣ್ಣು ತೆಗೆದು ಕೊಟ್ಟರು. ಇವಳು ಸುಮ್ಮನೆ ತೆಗೆದುಕೊಂಡು ಹೋಗಬಾರದಾ? "ಮರ್ಸಿ ಬಕೀಟು, ಅಯ್ಯ" ಅಂದಳು. ಏಕಾಂತಪ್ಪನವರಿಗೆ ಕಾಫಿ ನೆತ್ತಿಗೆ ಹತ್ತಿತು. ಅವರ ಮಗಳು ಮೈಸೂರಿನಲ್ಲಿ ಫ್ರೆಂಚ್ ಕಲಿಯುತ್ತಾಳೆ. ಆಮೇಲೆ ಕೂತು ನನಗೆ ಪಾಠ ಹೇಳಿದರು. ನಾವು ಹುಟ್ಟಿದಾಗಿನಿಂದ ತೋಟದ ಹಳೆಯ ಬಿಳಿ ದೊರೆಯ ಇಂಗ್ಲಿಷ್ ಎಂದುಕೊಂಡು ಆಡಿದ್ದು ಇಂಗ್ಲಿಷೇ ಅಲ್ಲವಂತೆ ಅಕ್ಕಾ. ದೊರೆ ಮೊದಲನೇ ಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದನಲ್ಲ, ಅಲ್ಲಿ ಸಿಪಾಯಿಗಳು ಫ್ರೆಂಚರ ಮಾತನ್ನು ತಮಾಷೆಗೆ ತಿರುಚಿ ಆಡಿಕೊಳ್ಳುತ್ತಿದ್ದರಂತೆ. ಕೆಲವು ಸ್ಪೇನಿನವರವು. ಅದನ್ನು ಅವನು ತೋಟಕ್ಕೆ ತಂದ, ಅವನ ರೈಟರಾಗಿದ್ದ ಅಪ್ಪ ಹಿಡಿದುಕೊಂಡರು, ಅಪ್ಪನಿಂದ ಆಳುಗಳ ಲೈನ್ ಮನೆಗಳಿಗೆಲ್ಲ ಹಬ್ಬಿತು. "ಅವರ ಭಾಷೇನ ಅವರ ಎದುರೇ ಅಣಕಿಸಿದ ಹಾಗೆ ಆಗ್ತದೆ ಮಾರಾಯ್ರೆ, ಜೋಪಾನ" ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ಕೆಲಸ ಹಂಚುವಾಗ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಏನಾದರೂ ಖಾಲಿಯಾದರೆ "ನಾಪು" ಅನ್ನಬೇಡಿ, ಮುಗಿಯಿತು ಅನ್ನಿ. ನಾಳೆ ಮಾಡುತ್ತೇನೆ ಅನ್ನಲು "ಮನ್ಯಾನ" ಬೇಡ. ಉಪಕಾರವಾಯಿತು ಅನ್ನಲು ಬಕೀಟು ಬೇಡ. ಪರವಾಗಿಲ್ಲ ಬಿಡಿ ಅನ್ನಲು "ಸಂಪೇರಣ್ಣ" ಬೇಡವೇ ಬೇಡ. ಒಂದನ್ನೂ ಬಿಡದೆ ಎಲ್ಲವನ್ನೂ ನಿಲ್ಲಿಸಿದ್ದೇನೆ. ಬಾಯಿ ತಪ್ಪಿ ಆಡಿದವರಿಗೆ ಆ ದಿನದ ಹಾಜರಿ ಇಲ್ಲ ಎಂದಿದ್ದೇನೆ. ಹಾಗೆ ಹೆದರಿಸದಿದ್ದರೆ ಇವರು ಕೇಳುತ್ತಾರಾ?

ಕೊನೆಗೆ, ಬರುತ್ತೇನೆ ಅನ್ನುವ ಬದಲು, ತೂಡಲೂ ಎಂದು ಬರೆಯಲು ಹೊರಟಿದ್ದೆ, ಕೈ ಹಿಡಿದುಕೊಂಡೆ. ಭಾವನಿಗೆ ನಮಸ್ಕಾರ.

ಇಂತಿ ನಿನ್ನ ತಮ್ಮ
ದೇವರಾಜ


ಹೆಬ್ಬಾಳೆ ಆಚೆ, ಕಳಸ
29 ಮೇ 1997

ಚಿ. ದೇವರಾಜನಿಗೆ ಅಕ್ಕ ರುಕ್ಮಿಣಿಯ ಆಶೀರ್ವಾದ.

ನಿನ್ನ ಕಾಗದ ಓದಿ ನಾನೂ ನಿನ್ನ ಭಾವನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಲ್ಲ ಮಾರಾಯ, ಬರುವವರು ಕಾಫಿ ಕೊಳ್ಳಲು ಬರುತ್ತಾರೋ ನಮ್ಮ ಬಾಯಿ ಪರೀಕ್ಷೆ ಮಾಡಲು ಬರುತ್ತಾರೋ? ಆ ಏಕಾಂತಪ್ಪನಿಗಂತೂ ಬೇರೆ ಕೆಲಸವಿಲ್ಲ. ಅವನ ನೆತ್ತಿಗೆ ಕಾಫಿ ಹತ್ತಿದ್ದಕ್ಕೆ ನೀನು ಇಡೀ ತೋಟದ ನಾಲಿಗೆ ಕಟ್ಟಿದೆಯಾ?

ಆಲಿಕಲ್ಲು ಬಿದ್ದು ಹೂವೆಲ್ಲ ಉದುರಿದ ವರ್ಷ ನೆನಪಿದೆಯಾ? ಅಪ್ಪ ಗಿಡದ ಸಾಲಿನಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ "ಸಂಪೇರಣ್ಣ" ಎಂದು ಹೇಳಿ ಒಳಗೆ ಬಂದು ಊಟಕ್ಕೆ ಕೂತರು. ನೀನು ಆಗ ಚಿಕ್ಕವನು. ಸಂಪೇರಣ್ಣ ಅಂದರೆ ಯಾರೋ ನೆಂಟರು, ಬಂದು ಎಲ್ಲ ಸರಿ ಮಾಡುತ್ತಾರೆ ಎಂದುಕೊಂಡು ಬಾಗಿಲಲ್ಲಿ ಕಾಯುತ್ತಾ ಕೂತಿದ್ದೆ. ಜವರಮ್ಮ ನಿನ್ನನ್ನು ಸೊಂಟಕ್ಕೆ ಎತ್ತಿಕೊಂಡು ಗೇಟಿನವರೆಗೆ ಹೋಗಿ "ಬರ್ಲಿಲ್ಲ ಅಪ್ಪಿ, ಬಸ್ಸು ತಪ್ಪಿರ್ಬೇಕು" ಎಂದು ಸಮಾಧಾನ ಮಾಡಿದಳು. ಈಗ ಅವಳಿಗೇ ಹಾಜರಿ ಇಲ್ಲ ಅನ್ನುತ್ತೀಯಾ?

ಹೋಗಲಿ, ನಿನ್ನ ತೋಟ, ನಿನ್ನ ದರ್ಬಾರು. ಒಂದು ಮಾತು ಮಾತ್ರ ಕೇಳು. ಒಂದನ್ನೂ ಬಿಡದೆ ಎಂದು ಬರೆದಿದ್ದೀ. ಅದರಲ್ಲಿ ನೆರಳು ಮರಗಳ ಕೊಂಬೆ ಕಡಿಯುವಾಗಿನ ಮರಗಸಿಯ ಕೂಗೂ ಸೇರಿತಾ? ಬೇರೆ ಮಾತೆಲ್ಲ ಬಾಯಿಚಪಲ, ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಮರದ ಮೇಲಿನವನು ಕೊಂಬೆಗೆ ಕೊನೆಯ ಏಟು ಹಾಕುವ ಮೊದಲು ಕೆಳಗಿನಿಂದ ಮಲ್ಲೇಶ "ವಮೂಸ್" ಎಂದು ಕೂಗುವುದು ಇದೆಯಲ್ಲ, ಅದನ್ನು ಮುಟ್ಟಬೇಡ. ಆ ಕೂಗಿಗೆ ಹೆಂಗಸರ ಕಾಲು ತಾವಾಗಿಯೇ ಓಡುತ್ತವೆ. ಮಳೆಗಾಲಕ್ಕೆ ಮೊದಲು ಮರಗಸಿ ಮುಗಿಸುವ ಅವಸರದಲ್ಲಿ ಇರುತ್ತೀ, ಅದಕ್ಕೇ ಹೇಳಿದೆ.

ಜವರಮ್ಮನಿಗೆ ನಾನು ಕೇಳಿದೆನೆಂದು ಹೇಳು. ನಾನಂತೂ ಬರೆಯುವವಳೇ. ತೂಡಲೂ.

ನಿನ್ನ ಅಕ್ಕ


ಗೋಣಿಬೀಡು
14 ಜೂನ್ 1997

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ತಡವಾಗಿ ಕೈ ಸೇರಿತು. ಒಂದು ಬೇಸರದ ಸುದ್ದಿ ಇದೆ, ಗಾಬರಿಯಾಗಬೇಡ. ಸೋಮವಾರ ಮರಗಸಿ ನಡೆಯುವಾಗ ಜವರಮ್ಮನ ಮೇಲೆ ಕೊಂಬೆ ಬಿತ್ತು. ಬಲಗಾಲಿಗೂ ಸೊಂಟಕ್ಕೂ ಪೆಟ್ಟಾಗಿದೆ. ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋದೆವು, ಅವರು ಚಿಕ್ಕಮಗಳೂರಿಗೆ ಕಳಿಸಿದರು. ಪ್ರಾಣಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮುಂದೆ ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳಲು ಆಗುವುದಿಲ್ಲವಂತೆ.

ಮಲ್ಲೇಶ ಹೊತ್ತು ಮೀರಿ ಕೂಗಿದ. ಬೇರೆ ಹೆಂಗಸರು ಹೇಗೋ ಓಡಿದರು. ಅವಳು ಸೌದೆ ಹೊರೆ ಕಟ್ಟುತ್ತಾ ಬಗ್ಗಿದ್ದಳು. ಇಷ್ಟು ವರ್ಷ ಮರದಡಿ ನಿಂತು ಕೂಗಿದವನು ಹೀಗೆ ಮಾಡಿದನಲ್ಲ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದಾರೆ. ಅವನನ್ನು ಕೆಲಸದಿಂದ ಬಿಡಿಸುವುದೆಂದು ಯೋಚಿಸಿದ್ದೇನೆ. ಈ ತಿಂಗಳು ಮುಗಿಯುವುದರೊಳಗೆ ಅವನೂ ಅವನ ಹೆಂಡತಿ ಮುತ್ತಮ್ಮನೂ ಲೈನ್ ಮನೆ ಖಾಲಿ ಮಾಡಬೇಕಾಗುತ್ತದೆ. ಬೇರೆ ದಾರಿ ಕಾಣುವುದಿಲ್ಲ. ನಿನ್ನ ಅಭಿಪ್ರಾಯವೇನು?

ಮಳೆ ಹಿಡಿದಿದೆ. ಮರಗಸಿ ಅರ್ಧಕ್ಕೆ ನಿಂತಿದೆ.

ಇಂತಿ
ದೇವರಾಜ


ಹೆಬ್ಬಾಳೆ ಆಚೆ, ಕಳಸ
20 ಜೂನ್ 1997

ದೇವರಾಜನಿಗೆ ಆಶೀರ್ವಾದ.

ಕಾಗದ ಓದಿದೆ. ಈಗಲೇ ಹೊರಟು ಬರೋಣವೆಂದರೆ ನಿನ್ನೆಯಿಂದ ಸೇತುವೆ ನೀರಿನ ಕೆಳಗಿದೆ. ಭದ್ರೆ ಇಳಿಯುವ ಲಕ್ಷಣವಿಲ್ಲ. ದಡದಲ್ಲಿ ನಿಂತು ನೋಡಿಕೊಂಡು ವಾಪಸ್ ಬಂದೆ. ನೀರು ಇಳಿದ ಗಳಿಗೆ ನೋಡಿಕೊಂಡು ಈ ಕಾಗದ ಆಚೆ ದಾಟಿಸಬೇಕು.

ಅಮ್ಮ ಹಾಸಿಗೆ ಹಿಡಿದ ವರ್ಷ ನಮ್ಮಿಬ್ಬರ ತಲೆ ಬಾಚಿದವಳು ಯಾರು? ನಿನಗೆ ಸಿಡುಬು ಎದ್ದಾಗ ಪಕ್ಕದಲ್ಲಿ ಮಲಗಿದವಳು ಯಾರು? ನಾನು ಮದುವೆಯಾಗಿ ಹೊರಡುವಾಗ ಅತ್ತದ್ದು ಅವಳ ಹೆಗಲ ಮೇಲೆ. ಅವಳ ಕಾಲು ಹೋಯಿತು ಎಂದರೆ ನನ್ನ ಮನಸ್ಸು ತಡೆಯುವುದಿಲ್ಲ.

ಅಭಿಪ್ರಾಯ ಕೇಳುತ್ತೀಯಲ್ಲ, ಬರೆದುಕೋ. ಆ ಮಲ್ಲೇಶನನ್ನು ಒಂದು ದಿನವೂ ಇಟ್ಟುಕೊಳ್ಳಬೇಡ. ಕೂಗುವುದೊಂದೇ ಅವನ ಕೆಲಸ. ಮೇಲೆ ಕತ್ತಿ ಹಿಡಿದವನ ಜೀವವೂ ಕೆಳಗೆ ಬಗ್ಗಿದವರ ಜೀವವೂ ಅವನ ಗಂಟಲಲ್ಲಿ ಇರುತ್ತವೆ. ಅಂಥವನು ಎಲ್ಲಿ ಮೈಮರೆತಿದ್ದ? ಬೀಡಿ ಹಚ್ಚುತ್ತಿದ್ದನೋ? ಕೂಗು ತಪ್ಪಿಸಿದವನನ್ನು ಯಾವ ತೋಟದವರೂ ಮತ್ತೆ ಮರದಡಿ ನಿಲ್ಲಿಸುವುದಿಲ್ಲ, ನಿಲ್ಲಿಸಲೂ ಬಾರದು. ಹೋಗಲಿ, ಕಣ್ಣೆದುರಿನಿಂದ ಹೋಗಲಿ. ಮುತ್ತಮ್ಮ ಬಂದು ಅತ್ತರೂ ಕರಗಬೇಡ.

ಜವರಮ್ಮನ ಹತ್ತಿರ ಯಾರು ಇದ್ದಾರೆ? ಬಣಕಲ್ಲಿನ ಮಗಳು ಬಂದಿದ್ದಾಳಾ? ಕೂಡಲೇ ಬರೆ.

ಅಕ್ಕ


ಗೋಣಿಬೀಡು
2 ಜುಲೈ 1997

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದದಿಂದ ಮನಸ್ಸಿಗೆ ದೊಡ್ಡ ಧೈರ್ಯ ಬಂತು. ಜವರಮ್ಮನ ಹತ್ತಿರ ಅವಳ ಮಗಳಿದ್ದಾಳೆ. ಕಾಲಿಗೆ ಸರಳು ಹಾಕಿದ್ದಾರೆ. ಹೋದಾಗಲೆಲ್ಲ ನನ್ನ ಕೈ ಹಿಡಿದುಕೊಂಡು ತೋಟದ ನಾಯಿಗೆ ಅನ್ನ ಹಾಕಿದ್ರಾ ಎಂದು ಕೇಳುತ್ತಾಳೆ. ಪೆಟ್ಟಿನ ವಿಷಯ ಅವಳು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಮಲ್ಲೇಶನ ಸಂಸಾರ ಭಾನುವಾರ ಹೊರಟಿತು. ಅವನು ಬಾಕಿ ಕೂಲಿ ಎಣಿಸಿಕೊಂಡು ಗೇಟಿನ ಕಡೆ ನಡೆದ. ಮುತ್ತಮ್ಮ ಮಾತ್ರ ಮೆಟ್ಟಿಲ ಹತ್ತಿರ ನಿಂತು "ರುಕ್ಮಿಣಮ್ಮಾರಿಗೆ ಒಂದ್ ಸಲ ಕೇಳಿ ಅಯ್ಯ, ಅಮ್ಮಾರು ನಮ್ಮನ್ನ ಬಿಡಕ್ಕಿಲ್ಲ" ಎಂದು ಹಟ ಹಿಡಿದಳು. ಕೊನೆಗೆ ನಿನ್ನ ಕಾಗದ ತಂದು ಓದಿದೆ. ಕಣ್ಣೆದುರಿನಿಂದ ಹೋಗಲಿ ಎಂದು ಬರೆದದ್ದನ್ನು ಓದಿದ ಮೇಲೆ ಅವಳು ಮೆಟ್ಟಿಲು ಬಿಟ್ಟಳು. ಪಾತ್ರೆ ಗಂಟು ತಲೆ ಮೇಲಿಟ್ಟುಕೊಂಡು ಹೋದಳು. ಜಾವಳಿಯ ಒಂದು ತೋಟದಲ್ಲಿ ಗೊಬ್ಬರ ಹೊರುವ ಕೆಲಸ ಸಿಕ್ಕಿದೆಯಂತೆ. ಮರದ ಕೆಲಸಕ್ಕೆ ಅವರು ಇವನನ್ನು ಸೇರಿಸುವುದಿಲ್ಲ.

ನೋಡಿದರೆ ಪೂರ್ತಿ ಅವನದೇ ತಪ್ಪು ಎಂದೂ ಹೇಳಲಾಗದು. ಎರಡು ಸಲ ಕೂಗಿದ. ಜವರಮ್ಮನಿಗೂ ವಯಸ್ಸಾಯಿತು, ಕಿವಿ ಮಂದವಾಗಿರಬೇಕು, ಅಲುಗಲೇ ಇಲ್ಲ. ಆಗುವುದು ಆಯಿತು. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆಗಸ್ಟ್ ಎರಡನೇ ವಾರ ಆ ಇಬ್ಬರೂ ಬರುವುದು ಖಚಿತವಾಗಿದೆ. ಕಣಕ್ಕೆ ಸಿಮೆಂಟು ಹಾಕಿಸುತ್ತಿದ್ದೇನೆ.

ನಿನ್ನ ತಮ್ಮ
ದೇವರಾಜ


ಹೆಬ್ಬಾಳೆ ಆಚೆ, ಕಳಸ
9 ಜುಲೈ 1997

ದೇವರಾಜನಿಗೆ.

ನಿನ್ನ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಜೂನಿನಲ್ಲಿ ಹೊತ್ತು ಮೀರಿ ಕೂಗಿದ ಎಂದು ಬರೆದೆ. ಈಗ ಎರಡು ಸಲ ಕೂಗಿದ, ಅವಳಿಗೇ ಕೇಳಿಸಲಿಲ್ಲ ಎಂದು ಬರೆದಿದ್ದೀ. ಹೊತ್ತು ಮೀರಿದವನಿಗೆ ಎರಡು ಸಲ ಕೂಗಲು ಹೊತ್ತು ಎಲ್ಲಿಂದ ಬಂತು?

ಜವರಮ್ಮನ ಕಿವಿಯ ವಿಷಯ ನನಗೆ ಹೇಳಬೇಡ. ಯುಗಾದಿಗೆ ಬಂದಿದ್ದಾಗ ನಾನು ಒಳಕೋಣೆಯಲ್ಲಿ ನಿನ್ನ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಒಲೆ ಮುಂದೆ ಕೂತು ಕೇಳಿಸಿಕೊಂಡವಳು ಅವಳು. ಮೂರು ತಿಂಗಳಲ್ಲಿ ಕಿವುಡಾದಳಾ?

ಸಿಟ್ಟಿನಲ್ಲಿ ಬರೆದ ನನ್ನ ಕಾಗದವನ್ನು ಮುತ್ತಮ್ಮನ ಮುಂದೆ ಓದಿದ್ದೀಯಲ್ಲ. ನಿನ್ನ ಮಾತು ನಂಬಿ ಬರೆದೆ. ಅವಳು ನನ್ನನ್ನು ನಂಬಿಕೊಂಡು ಮೆಟ್ಟಿಲ ಹತ್ತಿರ ನಿಂತಿದ್ದಳು. ನಿನ್ನ ಕೈಗೆ ನಾನೇ ದೊಣ್ಣೆ ಕೊಟ್ಟ ಹಾಗಾಯಿತು.

ಒಂದೇ ಪ್ರಶ್ನೆ ಕೇಳುತ್ತೇನೆ, ನೇರವಾಗಿ ಉತ್ತರ ಬರೆ. ಮಲ್ಲೇಶ ಏನೆಂದು ಕೂಗಿದ?

ಅಕ್ಕ


ಗೋಣಿಬೀಡು
21 ಜುಲೈ 1997

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ತಲುಪಿತು. ಇಲ್ಲಿ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ಕೆಳಗಿನ ಪಟ್ಟೆಯಲ್ಲಿ ಕಾಫಿಗೆ ಕೊಳೆರೋಗ ಹಿಡಿಯುವ ಲಕ್ಷಣ ಕಾಣುತ್ತಿದೆ. ಮರಗಸಿ ಪೂರ್ತಿ ಆಗದೆ ನೆರಳು ಜಾಸ್ತಿಯಾಗಿದ್ದೇ ಕಾರಣ. ಮೆಣಸಿನ ಬಳ್ಳಿ ಪರವಾಗಿಲ್ಲ. ಕಣದ ಸಿಮೆಂಟು ಒಣಗುತ್ತಿಲ್ಲ. ಏಕಾಂತಪ್ಪನವರು ಮತ್ತೆ ಬಂದಿದ್ದರು, ಬರುವವರಿಗೆ ಅಡುಗೆಗೆ ಖಾರ ಕಮ್ಮಿ ಮಾಡಿಸಿ ಎಂದರು.

ಜವರಮ್ಮನನ್ನು ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ಬಣಕಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಮಲ್ಲೇಶನ ವಿಷಯ ಮುಗಿದಿದೆ. ಎಲ್ಲರೂ ಮರೆಯುತ್ತಿದ್ದಾರೆ. ಪುನಃ ಪುನಃ ಕೆದಕುವುದರಿಂದ ಯಾರ ಕಾಲೂ ಸರಿಯಾಗುವುದಿಲ್ಲ.

ಭಾವನ ಮಂಡಿ ನೋವು ಹೇಗಿದೆ?

ಇಂತಿ
ದೇವರಾಜ


ಹೆಬ್ಬಾಳೆ ಆಚೆ, ಕಳಸ
26 ಜುಲೈ 1997

ದೇವರಾಜ,

ನಿನ್ನ ಭಾವನ ಮಂಡಿ ಚೆನ್ನಾಗಿದೆ. ಸಿಮೆಂಟು ಬಿಸಿಲು ಬಂದರೆ ಒಣಗುತ್ತದೆ.

ಮಲ್ಲೇಶ ಏನೆಂದು ಕೂಗಿದ?

ರುಕ್ಮಿಣಿ


ಗೋಣಿಬೀಡು
19 ಆಗಸ್ಟ್ 1997

ಅಕ್ಕಾ,

"ಜಾಗ ಬಿಡಿ" ಎಂದು ಕೂಗಿದ.

ಹಾಗೆ ಕೂಗು ಎಂದು ಹೇಳಿಕೊಟ್ಟವನು ನಾನು. ನಿನ್ನ ಕಾಗದ ತಡವಾಗಿ ಬಂತೆಂದು ಬರೆದದ್ದು ಸುಳ್ಳು. ಮರಗಸಿಯ ಕೂಗು ಮುಟ್ಟಬೇಡ ಎಂದು ನೀನು ಬರೆದದ್ದು ಆ ಸೋಮವಾರಕ್ಕಿಂತ ಮುಂಚೆಯೇ ನನ್ನ ಕೈಯಲ್ಲಿತ್ತು. ಓದಿದೆ. ಒಂದಕ್ಕೆ ರಿಯಾಯಿತಿ ಕೊಟ್ಟರೆ ಎಲ್ಲವೂ ವಾಪಸ್ ಬರುತ್ತವೆ, ಅಕ್ಕನಿಗೆ ಏನು ಗೊತ್ತು ಎಂದುಕೊಂಡು ಮಡಚಿಟ್ಟೆ.

ಆ ದಿನ ನಾನು ಅಲ್ಲೇ ಇದ್ದೆ. ಮೇಲಿನವನು ಕೈ ಆಡಿಸಿದ. ಮಲ್ಲೇಶ "ಜಾಗ ಬಿಡಿ, ಜಾಗ ಬಿಡಿ" ಎಂದು ಕೂಗಿದ. ಮೇಲೆ ಕಣ್ಣಿಟ್ಟಿದ್ದವರು ಸರಿದರು. ಜವರಮ್ಮ ಬಗ್ಗಿ ಹೊರೆಗೆ ಬಳ್ಳಿ ಬಿಗಿಯುತ್ತಿದ್ದಳು. ಕೇಳಿಸಿತ್ತು ಅಕ್ಕಾ, ತಲೆ ಎತ್ತದೆ "ಬಿಟ್ಟೆ ತಡಿಯಾ" ಎಂದಳು, ಬಸ್ಸಿನಲ್ಲಿ ಸೀಟಿಗೆ ಹೇಳುವ ಹಾಗೆ. ಕೊಂಬೆ ಚಟಚಟ ಅನ್ನತೊಡಗಿತು. ಮಲ್ಲೇಶನ ಬಾಯಲ್ಲಿ "ವ" ಎಂದು ಬಂತು. ಅಷ್ಟು ಬಂದು ನನ್ನ ಮುಖ ನೋಡಿದ. ನಾನೂ ಅವನನ್ನು ನೋಡಿದೆ, ಹೇಗೆ ನೋಡಿದೆ ಎಂದು ನನಗೆ ಗೊತ್ತು. ಅವನು ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಬಿತ್ತು.

ಬೇರೆ ಸಾಲುಗಳಿಂದ ಓಡಿಬಂದ ಜನ ಸೇರಿ "ಯಾಕೆ ಕೂಗ್ಲಿಲ್ಲ, ಯಾಕೆ ಕೂಗ್ಲಿಲ್ಲ" ಎಂದು ಅವನನ್ನು ಹಿಡಿದುಕೊಂಡರು. ಅವನು ಮತ್ತೆ ನನ್ನನ್ನೇ ನೋಡಿದ. "ತಡ ಮಾಡಿದ" ಎಂದು ನನ್ನ ಬಾಯಿಂದ ಬಂತು. ಯೋಚಿಸಿ ಆಡಿದ್ದಲ್ಲ. ಆದರೆ ಆಮೇಲೆ ಯೋಚಿಸಿಯೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೀನು ಕೇಳಿದ್ದಕ್ಕೆ ಇಷ್ಟು ದಿನ ಉತ್ತರ ಬರೆಯದೇ ಇದ್ದದ್ದು ಇದಕ್ಕೇ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಹೋದ ವಾರ ಆ ಇಬ್ಬರು ಬಂದಿದ್ದರು. ಅವರು ಬಂದು ತಂಗಿದ ರಾತ್ರಿ ಗಾಳಿಗೆ ಗೇಟಿನ ಬಳಿಯ ದೊಡ್ಡ ಮರದ ಕೊಂಬೆ ಸೀಳಿ ನೇತಾಡುತ್ತಿತ್ತು. ಕಡಿಯದೆ ಜೀಪು ವಾಪಸ್ ಹೋಗುವ ಹಾಗಿರಲಿಲ್ಲ. ಬೆಳಿಗ್ಗೆ ಮೇಲೆ ಒಬ್ಬನನ್ನು ಹತ್ತಿಸಿದೆವು. ಕೂಗಲು ಯಾರೂ ಮುಂದೆ ಬರಲಿಲ್ಲ. ಮಲ್ಲೇಶನ ಗತಿ ನೋಡಿದವರು ಯಾಕೆ ಬರುತ್ತಾರೆ? ಕೊನೆಗೆ ನಾನೇ ನಿಂತೆ. ಅಷ್ಟು ಹೊತ್ತಿಗೆ ಅತಿಥಿಗಳೂ ಏಕಾಂತಪ್ಪನವರೂ ಕಣ ನೋಡಿಕೊಂಡು ಅಲ್ಲಿಗೆ ಬಂದರು. ಹೆಂಗಸರು ರಸ್ತೆಯಲ್ಲಿ ಬಿದ್ದ ಸೊಪ್ಪು ಗುಡಿಸುತ್ತಿದ್ದರು. ಮೇಲಿನವನು ಕೈ ಆಡಿಸಿದ. "ಜಾಗ ಬಿಡಿ" ಎಂದೆ. ಒಬ್ಬಳು ಸೆರಗು ಸರಿಮಾಡಿಕೊಂಡಳು. ಇನ್ನೊಬ್ಬಳು ಪೊರಕೆ ಎತ್ತಿಕೊಂಡು ಅಲ್ಲೇ ನಿಂತಳು. ಕೊಂಬೆ ಚಟ್ ಅಂದಿತು. "ವಮೂಸ್" ಎಂದು ಅರಚಿದೆ. ಅಪ್ಪ ಕೂಗುತ್ತಿದ್ದ ಹಾಗೇ ಬಂತು. ಎಲ್ಲರೂ ಹಾರಿದರು. ಸ್ಪೇನಿನವನೂ ಹಾರಿದ. ಅರ್ಥವಾಗಿ ಹಾರಿದನೋ, ಉಳಿದವರು ಓಡಿದರೆಂದು ಓಡಿದನೋ, ಕೇಳುವ ಧೈರ್ಯ ನನಗೆ ಇರಲಿಲ್ಲ. ಕೊಂಬೆ ಖಾಲಿ ರಸ್ತೆಯ ಮೇಲೆ ಬಿತ್ತು. ನಾನು ಚರಂಡಿಯ ಬದುವಿನ ಮೇಲೆ ಕೂತುಬಿಟ್ಟೆ.

ಇನ್ನೊಂದು ಕೇಳು. ಊಟವಾದ ಮೇಲೆ ಫ್ರಾನ್ಸಿನವನು ಹೆಂಗಸರಿಗೆ ಬಿಸ್ಕತ್ತು ಹಂಚಿದ. ಒಬ್ಬಳು ಅಭ್ಯಾಸಬಲದಿಂದ ನಮ್ಮ ರಾಗದಲ್ಲೇ "ಮರ್ಸಿ ಬಕೀಟು" ಅಂದಳು. ಅವನು ಏಕಾಂತಪ್ಪನವರ ಕಡೆ ತಿರುಗಿ, ಇದು ಕನ್ನಡದಲ್ಲಿ ಏನು ಅಂದ ಹಾಗೆ ಎಂದು ಕೇಳಿದ. ಬಹಳ ಚೆನ್ನಾಗಿದೆ ಎಂದು ತಾನೂ ಎರಡು ಸಲ ಹೇಳಿ ಕಲಿತುಕೊಂಡ. ಅವನಿಗೆ ತನ್ನ ಭಾಷೆಯೆಂದು ಗೊತ್ತೇ ಆಗಲಿಲ್ಲ ಅಕ್ಕಾ. ಯಾರ ಕಿವಿಗೆ ಬೀಳಬಾರದೆಂದು ನಾನು ಇಷ್ಟೆಲ್ಲ ಮಾಡಿದೆನೋ ಅವನಿಗೇ ಅದು ನಮ್ಮ ಮಾತು. ಏಕಾಂತಪ್ಪನವರು ನನ್ನ ಮುಖ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಕೆಲಸ ಹಂಚುವಾಗ ಎಲ್ಲರ ಎದುರು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು ಎಂದು ಮುಖ ನೋಡಿದಾಗ ತಿಳಿಯಿತು. ಜಾವಳಿಗೂ ಹೋದೆ. ಅಲ್ಲಿನ ಯಜಮಾನರಿಗೆ ಹೇಳಿದೆ, ಮಲ್ಲೇಶನಿಗೆ ವಾಪಸ್ ಬಾ ಎಂದು ಕೇಳಿಕೊಂಡೆ. ಗೊಬ್ಬರದ ಬುಟ್ಟಿ ಕೆಳಗಿಡದೆ "ನೋಡುವ ಅಯ್ಯ, ಮನ್ಯಾನ" ಅಂದ. ಅಪ್ಪನ ಕಾಲದಿಂದಲೂ ಆ ನಾಳೆ ಯಾವಾಗ ಬರುತ್ತದೆ ಎಂದು ನಿನಗೆ ಗೊತ್ತಿದೆ.

ಜವರಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿ ಕಾಲು ಹಿಡಿದುಕೊಂಡೆ. "ಸಂಪೇರಣ್ಣ, ಬಿಡಿ ಅಪ್ಪಿ" ಎಂದಳು. ಎಷ್ಟೋ ದಿನದ ಮೇಲೆ ಆವತ್ತು ಕಣ್ಣು ತುಂಬ ನಿದ್ದೆ ಬಂತು. ನೀನೂ ನನ್ನನ್ನು ಕ್ಷಮಿಸಿಬಿಡು.

ತೂಡಲೂ.

ನಿನ್ನ ತಮ್ಮ
ದೇವರಾಜ


ಹೆಬ್ಬಾಳೆ ಆಚೆ, ಕಳಸ
7 ಸೆಪ್ಟೆಂಬರ್ 1997

ದೇವರಾಜನಿಗೆ ಅಕ್ಕನ ಆಶೀರ್ವಾದ.

ನೀರು ಇಳಿದ ಕೂಡಲೇ ಹೊರಟು ಬಣಕಲ್ಲಿಗೂ ಜಾವಳಿಗೂ ಹೋಗಿ ಬಂದೆ. ಅಷ್ಟು ದೂರ ಬಂದವಳು ಗೋಣಿಬೀಡಿಗೆ ಬರಲಿಲ್ಲ. ಯಾರೋ ನೋಡಿ ನಿನಗೆ ಹೇಳಿರುತ್ತಾರೆ, ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಜವರಮ್ಮ ಎದ್ದು ನಿಲ್ಲುತ್ತಾಳೆ. ಮಂಡಿ ಮಡಚಲು ಬರುವುದಿಲ್ಲ. ಇನ್ನು ಮುಂದೆಯೂ ಬರುವುದಿಲ್ಲವಂತೆ. ಒಲೆ ಮುಂದೆ ಕೂರಲಾಗದೆ ಮಗಳ ಮನೆಯ ಜಗಲಿಯಲ್ಲಿ ಸ್ಟೂಲಿನ ಮೇಲೆ ಕೂತಿರುತ್ತಾಳೆ. ಹುಟ್ಟಿದಾಗಿನಿಂದ ಒಂದು ದಿನ ಸುಮ್ಮನೆ ಕೂತವಳಲ್ಲ. ಕೈಗೆ ಏನಾದರೂ ಕೆಲಸ ಕೊಡಿ ಎಂದು ಬೀದಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಾಳಂತೆ. ನನಗೂ ಅದನ್ನೇ ಹೇಳಿದಳು, ಸಂಪೇರಣ್ಣ ಎಂದು. ನಾನು ಅತ್ತೆ. ಅವಳು ನನ್ನ ತಲೆ ಸವರಿ ನಿನ್ನನ್ನು ಬೈಯಬೇಡ ಎಂದಳು.

ನಿನಗೆ ಕಣ್ಣು ತುಂಬ ನಿದ್ದೆ ಬಂತೆಂದು ಬರೆದಿದ್ದೀ. ಅದನ್ನು ಓದಿ ನನಗೆ ಮೈ ಉರಿಯಿತು. ಪರವಾಗಿಲ್ಲ ಎಂದು ಅವಳು ಹೇಳಲಿ, ಅದು ಅವಳ ಕಾಲು. ನೀನು ಹೇಳಿಕೊಳ್ಳುವ ಹಾಗಿಲ್ಲ. ನಾನೂ ಹೇಳಿಕೊಳ್ಳುವ ಹಾಗಿಲ್ಲ. ಅಪ್ಪ ಆ ಮಾತನ್ನು ತಮ್ಮ ನಷ್ಟಕ್ಕೆ ಮಾತ್ರ ಆಡುತ್ತಿದ್ದರು, ಬೇರೆಯವರ ನಷ್ಟಕ್ಕೆ ಒಂದು ದಿನವೂ ಆಡಲಿಲ್ಲ. ಯೋಚಿಸಿ ನೋಡು, ನಿನಗೂ ನೆನಪಾಗುತ್ತದೆ.

ಜಾವಳಿಯಲ್ಲಿ ಮುತ್ತಮ್ಮ ನನಗೆ ಕೂರಲು ಹೇಳಲಿಲ್ಲ. "ಅಮ್ಮಾರೇ ಹಂಗೆ ಬರ್ದಿದ್ರಾ, ಇಲ್ಲಾ ಅಯ್ಯ ಸೇರಿಸಿ ಓದಿದ್ರಾ?" ಎಂದು ಕೇಳಿದಳು. ನಿನ್ನ ಮೇಲೆ ಹಾಕಿಬಿಡಬಹುದಿತ್ತು, ಅವಳೂ ನಂಬುತ್ತಿದ್ದಳು. ನಾನೇ ಬರೆದದ್ದು ಎಂದೆ. ಅವಳು ಒಳಗೆ ಹೋದವಳು ಹೊರಗೆ ಬರಲಿಲ್ಲ. ಅವಳು ನನ್ನ ಹತ್ತಿರ ಮಾತಾಡಲು ಎಷ್ಟು ವರ್ಷ ಬೇಕೋ ಏನೋ.

ಹೊರಡುವಾಗ ಮಲ್ಲೇಶ ಗೇಟಿನ ತನಕ ಬಂದ. ಮುಂದಿನ ಮರಗಸಿಗೆ ಬರುತ್ತಾನಂತೆ. ಆದರೆ ಒಂದು ಮಾತು ನಡೆಸಿಕೊಡಬೇಕಂತೆ. ಮೊದಲನೇ ಕೊಂಬೆ ಕಡಿಯುವಾಗ ಜವರಮ್ಮ ಬಗ್ಗಿದ್ದ ಜಾಗದಲ್ಲಿ ನೀನು ಬಗ್ಗಿ ಹೊರೆ ಕಟ್ಟುತ್ತಿರಬೇಕು, ಮರಕ್ಕೆ ಬೆನ್ನು ಹಾಕಿ. ತಿರುಗಿ ನೋಡುವ ಹಾಗಿಲ್ಲ. ಅವನು ಕೂಗಿದ ಮೇಲೆ ಓಡಬೇಕು.

"ಏನಂತ ಕೂಗ್ತೀಯ ಮಲ್ಲೇಶ?" ಎಂದು ಕೇಳಿದೆ.

"ಅಯ್ಯ ಏನು ಹೇಳ್ಕೊಡ್ತಾರೋ ಅದನ್ನೇ ಅಮ್ಮಾ. ಯಾವಾಗ್ಲೂ ಹಂಗೇ ಅಲ್ದಾ?" ಅಂದ.

ಆಗಲಿ ಎಂದು ನಿನ್ನ ಪರವಾಗಿ ಒಪ್ಪಿಕೊಂಡು ಬಂದಿದ್ದೇನೆ. ಆ ದಿನ ನಾನೂ ಬರುತ್ತೇನೆ. ಬರುವಾಗ ಬಣಕಲ್ಲಿನಿಂದ ಜವರಮ್ಮನನ್ನೂ ಕರೆತರುತ್ತೇನೆ. ಸ್ವಲ್ಪ ದೂರದಲ್ಲಿ ಸ್ಟೂಲು ಹಾಕಿ ಕೂರಿಸೋಣ, ಅವಳೂ ನೋಡಲಿ.

ಅಕ್ಕ